ಬಾಣ ಹಾಕಿದ ಟಿಪ್ಪಣಿ

ಟಿಪ್ಪಣಿ ಸಾಲನ್ನು ಕಂಪ್ಯೂಟರ್ ಓದುವುದೇ ಇಲ್ಲ ಎಂದು ನನಗೆ ಹೇಳಿದವರು ಡೊಂಬಿವಲಿಯ ರಾಯರು. ನಮ್ಮ ಪೈಪ್ ಅಂಗಡಿಗಳ ಸ್ಟಾಕ್ ಬೆಳಿಗ್ಗೆ ತಾನಾಗಿ ಹೊಂದಿಕೊಳ್ಳಲೆಂದು ಅವರು ನಮ್ಮ ಹಳೇ ಡಾಸ್ ಕಂಪ್ಯೂಟರಿಗೆ ಬ್ಯಾಚ್ ಫೈಲ್, ಅಂದರೆ ಸಾಲುಸಾಲಾಗಿ ಆಜ್ಞೆಗಳ ಪಟ್ಟಿ, ಬರೆಯುತ್ತಿದ್ದರು.

“ಸಾಲಿನ ಮೊದಲಿಗೆ ರೆಮ್ ಅಂತ ಹಾಕಿದರಾಯಿತು ಸೇಟ್ರೇ. ಅದು ನಾವು ಓದಲಿಕ್ಕೆ ಮಾತ್ರ.”

“ಹಾಗಾದ್ರೆ ನಮ್ಮ ಚೀಟಿಯ ಹಾಗೇ ಬರೀರಿ,” ಎಂದೆ. ಮಾಲು ಎಲ್ಲಿಂದ ಎಲ್ಲಿಗೆ ಎನ್ನಲು ನಮ್ಮ ಮಹಾಪೆ ಗೋಡೌನಿನ ಚೀಟಿಗಳಲ್ಲಿ ನಡುವೆ ಬಾಣ ಹಾಕುವುದು ರೂಢಿ. ರಾಯರು ರೆಮ್ ಎಂದು ಹಾಕಿ, “ಮಹಾಪೆ > ಕಲ್ಯಾಣ” ಎಂದು ಟೈಪ್ ಮಾಡಿದರು.

ಮರುದಿನ ಕಲ್ಯಾಣದ ಅಂಗಡಿಯ ಸ್ಟಾಕ್ ಇದ್ದ ‘ಕಲ್ಯಾಣ’ ಎಂಬ ಫೈಲ್ ತೆರೆದರೆ ಪೂರ್ತಿ ಖಾಲಿ. ಬಾಗಿಲಲ್ಲಿ ಟೆಂಪೋ ನಿಂತಿದೆ, ಅಲ್ಲಿಗೆ ಏನು ಕಳಿಸಬೇಕೋ ಯಾರಿಗೂ ಗೊತ್ತಿಲ್ಲ.

ರಾಯರು ಓಡಿಬಂದು ಪುಸ್ತಕ ತಿರುವಿ ಹಾಕಿದರು. “ಬಾಣ ಕಂಡರೆ ಅದು ಮುಂದಿನ ಹೆಸರಿನ ಫೈಲನ್ನು ಅಳಿಸಿ ಹೊಸದಾಗಿ ತೆರೀತದೆ ಮಾರಾಯ್ರೆ, ರೆಮ್ ಇದ್ದರೂ!”

“ಓದೋದೇ ಇಲ್ಲ ಅಂದಿರಲ್ಲ?”

“ಓದುವುದಿಲ್ಲ. ಬಾಣ ಮಾತ್ರ ನೋಡ್ತದೆ.”

ಕಲ್ಯಾಣದ ಅಂಗಡಿಯಲ್ಲಿ ನನ್ನ ತಮ್ಮ ಇಡೀ ದಿನ ಏಣಿ ಹತ್ತಿ ಇಳಿದು ಪೈಪು ಎಣಿಸಿದ. ಹೇಳಿದ ಕೆಲಸವನ್ನೂ ಹತ್ತು ಸಲ ಹೇಳಿಸಿಕೊಂಡೇ ಮಾಡುವವರನ್ನು ಸಾಕಿದವನು ನಾನು. ನನ್ನ ವ್ಯಾಪಾರದಲ್ಲಿ ಹೇಳದೆಯೇ ಚುರುಕಾಗಿ ಕೆಲಸ ಮುಗಿಸಿದ್ದು ಆ ಟಿಪ್ಪಣಿಯೊಂದೇ.