ಬಟ್ಟೆ ಕಟ್ಟಿದ ಸಾಲುಗಳು

ನಾನು ನಿಂತದ್ದು ಬಾವಿಯ ಪಕ್ಕದ ಪಂಪ್‌ಮನೆಯ ಮೆಟ್ಟಿಲ ಮೇಲೆ. ಆಯುಧಪೂಜೆಯ ಹಿಂದಿನ ದಿನ, ಬೆಳಗಿನ ಹೊತ್ತು. ಸೂರ್ಯ ಹುಟ್ಟಿದ್ದ, ಇಬ್ಬನಿ ಇನ್ನೂ ಆರಿರಲಿಲ್ಲ. ನನ್ನ ಬಾಯಲ್ಲಿ ಬೇವಿನ ಕಡ್ಡಿ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ರೇಷ್ಮೆ ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣದ ಹೆಸರು ನಮ್ಮ ಕಡೆ ಹೊಸದಾಗಿ ಕೇಳಿಬಂದು, ಎಲ್ಲರೂ ಹುಳದ ಮನೆಯ ಕಿಟಕಿಗಳಿಗೆ ಬಲೆ ಹೊಡೆಸುತ್ತಿದ್ದ ಕಾಲ.

ಮೆಟ್ಟಿಲಿನಿಂದ ನೋಡಿದರೆ ಎಡಕ್ಕೆ ಹಿಪ್ಪುನೇರಳೆ ತೋಟ, ಅದರ ಆಚೆ ಅಂಚಿಗೆ ಟೊಮೇಟೊ ಮಡಿಗಳು. ನಡುವೆ ಒಂದು ತೆಂಗಿನ ಮರ ಬಿಟ್ಟರೆ ಮರೆ ಏನೂ ಇರಲಿಲ್ಲ. ಟೊಮೇಟೊಗೆ ತಾಗಿಕೊಂಡಿದ್ದ ಹಿಪ್ಪುನೇರಳೆ ಸಾಲುಗಳಲ್ಲಿ ಅಣ್ಣ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದ. ಅತ್ತಿಗೆ ಗೋಣಿಚೀಲದ ಬಾಯಿ ಅಗಲಿಸಿ ಹಿಡಿದು ಅವನ ಹಿಂದೆಯೇ ಇದ್ದರು. ಆ ಸಾಲುಗಳ ತುದಿಯ ಗಿಡಗಳಿಗೆ ಹಳೆಯ ನೀಲಿ ಸೀರೆಯ ತುಂಡುಗಳನ್ನು ಕಟ್ಟಲಾಗಿತ್ತು. ಅಣ್ಣ ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಬರುವಾಗ ಆ ಬಟ್ಟೆಯನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ಕಂಡದ್ದು ಇಷ್ಟು. ಆ ಬಟ್ಟೆ ಏತಕ್ಕೆಂದು ನನಗೆ ಆಗ ತಿಳಿದಿರಲಿಲ್ಲ. ಬಾಯಿ ಮುಕ್ಕಳಿಸಿ ಮನೆಗೆ ಬಂದೆ.

ನಾನು ಆಗ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮದುವೆಯಾಗಿ ಮೊದಲ ದಸರಾ. ಒಂದು ವಾರ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು, ಕೋಲಾರದಲ್ಲಿ ಬಸ್ಸು ಬದಲಿಸಿ, ಶ್ರೀನಿವಾಸಪುರದಿಂದ ಮಾವಿನ ತೋಪುಗಳ ನಡುವೆ ನಡೆದು ಊರು ಸೇರಿದ್ದೆ. ಅಪ್ಪ ನಮ್ಮ ಚಿಕ್ಕಂದಿನಲ್ಲೇ ಹೋಗಿದ್ದರು. ನನ್ನನ್ನು ಓದಿಸಿದವನು ಅಣ್ಣ. ಅಕ್ಕನ ಮದುವೆ ಮಾಡಿದವನೂ ಅವನೇ, ಗಂಡ ತೀರಿಕೊಂಡಾಗ ಗಾಡಿ ಕಟ್ಟಿಕೊಂಡು ಹೋಗಿ ಅವಳನ್ನು ಕರೆತಂದವನೂ ಅವನೇ. ಈ ಮಾತನ್ನು ಮೊದಲು ಹೇಳದೆ ಉಳಿದದ್ದನ್ನು ಹೇಳುವುದು ನ್ಯಾಯವಲ್ಲ.

ಅಕ್ಕನಿಗೆ ಮಕ್ಕಳಿರಲಿಲ್ಲ. ಮನೆಗೆ ವಾಪಸು ಬಂದ ವರ್ಷವೇ ಅವಳು ರೇಷ್ಮೆ ಹುಳ ಸಾಕುವುದನ್ನು ಕೈಗೆ ತೆಗೆದುಕೊಂಡಳು. ಮನೆಯ ಉಳಿದ ಕಡೆ ಅವಳ ಮಾತಿಗೆ ಅಷ್ಟು ತೂಕವಿರಲಿಲ್ಲ. ಹಬ್ಬದ ದಿನ ಆರತಿಯ ಹೊತ್ತಿಗೆ ತಾನಾಗಿಯೇ ಹಿಂದೆ ಸರಿದು ನಿಲ್ಲುತ್ತಿದ್ದಳು. ಆದರೆ ಹುಳದ ಮನೆಯಲ್ಲಿ ಅಣ್ಣನೂ ಅವಳನ್ನು ಕೇಳಿಯೇ ಕಾಲಿಡಬೇಕಿತ್ತು. ಹುಳಕ್ಕೆ ಕುಂಕುಮ ಬೇಕಿಲ್ಲ, ಹೊತ್ತಿಗೆ ಸೊಪ್ಪು ಬೇಕು ಎಂದು ಅವಳು ನಗುತ್ತಾ ಹೇಳುವುದಿತ್ತು. ಅವಳಿಗೆ ಆ ಮನೆಯಲ್ಲಿ ಇದ್ದ ಜಾಗ ಅದೊಂದೇ, ಅದು ಎಲ್ಲರಿಗೂ ಗೊತ್ತಿತ್ತು.

ನಾವು ಹೋಗಿ ತಲುಪಿದ ಸಂಜೆ ಹುಳದ ಮನೆಯ ಹೊಸಿಲಲ್ಲೇ ನನ್ನನ್ನು ತಡೆದಳು. "ಏಯ್, ಬೂಟು ಅಲ್ಲೇ ಬಿಡೋ. ಗವರ್ನರ್ ಬಂದ್ರೂ ಇಲ್ಲಿ ಕಾಲ್ ತೊಳ್ಕೊಂಡೇ ಒಳಕ್ಕೆ." ನನ್ನ ಹೆಂಡತಿಯ ಮುಖದ ಪೌಡರ್ ಮೂಸಿ ನೋಡಿ, "ನೀನು ಚೆಂದಾಗಿದ್ದೀಯ ಕಣಮ್ಮ, ಆದ್ರೆ ನನ್ ಹುಳಕ್ಕೆ ನಿನ್ ಪೌಡರ್ ಆಗಕಿಲ್ಲ" ಎಂದಳು. ಹೆಂಡತಿ ಮುಖ ತೊಳೆದುಕೊಂಡು ಬಂದ ಮೇಲೆಯೇ ಒಳಗೆ ಬಿಟ್ಟಳು. ಹುಳಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅಲ್ಲಿಂದ ಗೂಡು ಕಟ್ಟುವವರೆಗೆ ಅವು ತಿನ್ನುವುದೇ ತಿನ್ನುವುದು. ಬಿದಿರಿನ ತಟ್ಟೆಗಳ ಸಾಲಿನ ನಡುವೆ ನಿಂತರೆ, ಎಲೆಯ ಮೇಲೆ ಸಣ್ಣ ಮಳೆ ಬಿದ್ದಂತೆ ಅವು ಮೇಯುವ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳಿಸಲೆಂದೇ ಅಕ್ಕ ನಮ್ಮನ್ನು ಸ್ವಲ್ಪ ಹೊತ್ತು ಮಾತಾಡದೆ ನಿಲ್ಲಿಸಿದಳು.

ಮರುದಿನ ಸಂಜೆ ಅತ್ತಿಗೆಯ ತವರಿನಿಂದ ಅವರ ತಮ್ಮ ಗಾಡಿ ಕಟ್ಟಿಕೊಂಡು ಬಂದ. ಅವರ ಹುಳಕ್ಕೆ ಸೊಪ್ಪು ಸಾಲದೆ ಬಂದಿತ್ತು. ಅಣ್ಣ ಬಾವಿ ಕಡೆಯ ಸಾಲುಗಳನ್ನೆಲ್ಲ ಕೊಯ್ಸಿ ಗಾಡಿ ತುಂಬಿಸಿದ. ಅಕ್ಕ ಬೇಡವೆಂದಳು. ದೊಡ್ಡ ಹುಳದ ಹೊಟ್ಟೆ ಇಂಥದೇ ಅಂತ ಹೇಳಕ್ಕಾಗಲ್ಲ, ನಮಗೇ ಕಡಿಮೆ ಬಿದ್ದೀತು ಎಂದಳು. ಅಣ್ಣ, ಬಾಮೈದ ಬಾಗಿಲಿಗೆ ಬಂದಾಗ ಇಲ್ಲವೆನ್ನಲಾಗುವುದಿಲ್ಲ, ನಮಗೆ ಎಲ್ಲಿಂದಾದರೂ ತರುತ್ತೇನೆ ಎಂದ. ಆ ಗಾಡಿ ಹೋದದ್ದನ್ನು ಅಮ್ಮನೂ ಸೇರಿ ನಾವೆಲ್ಲರೂ ನೋಡಿದೆವು.

ಅದರ ಮಾರನೆಯ ಬೆಳಿಗ್ಗೆಯೇ ನಾನು ಪಂಪ್‌ಮನೆಯ ಮೆಟ್ಟಿಲ ಮೇಲೆ ನಿಂತದ್ದು.

ಅಣ್ಣ ತಂದಿಟ್ಟ ಚೀಲದಿಂದ ಅಕ್ಕ ಸೊಪ್ಪು ಹಾಕಿದಳು. ಊಟದ ಹೊತ್ತಿಗೆ ಅವಳು ನನ್ನನ್ನು ಕರೆದ ದನಿಯೇ ಬೇರೆ ಇತ್ತು. ಹೋಗಿ ನೋಡಿದೆ. ಮೇಯುವ ಸದ್ದು ನಿಂತುಹೋಗಿತ್ತು. ತಟ್ಟೆಯ ತುಂಬ ಹುಳಗಳು ತಲೆ ಎತ್ತಿ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಮೈ ತಿರುಚಿಕೊಂಡು ಗಿಡ್ಡವಾಗಿದ್ದವು. ಬಾಯಿಂದ ಹಸಿರು ನೀರು ಕಾರಿ ಎಲೆ ಒದ್ದೆಯಾಗಿತ್ತು. ಅಕ್ಕ ಒಂದು ಎಲೆ ತೆಗೆದು ಮೂಸಿದಳು, ನನ್ನ ಮೂಗಿನ ಹತ್ತಿರವೂ ಹಿಡಿದಳು. ಟೊಮೇಟೊಗೆ ಹೊಡೆಯುವ ಔಷಧಿಯ ವಾಸನೆ, ತೆಳ್ಳಗೆ.

"ಇದು ರೋಗ ಅಲ್ಲ ಕಣೋ. ರೋಗ ಬಂದ್ರೆ ಹುಳ ಹಿಂಗೆ ಒದ್ದಾಡಲ್ಲ, ಸುಮ್ನೆ ಸಪ್ಪಗಾಗ್ತದೆ."

ಆಗಲೇ ಅವಳು ನೀಲಿ ಬಟ್ಟೆಯ ವಿಷಯ ಹೇಳಿದ್ದು. ಅಣ್ಣ ಟೊಮೇಟೊಗೆ ಔಷಧಿ ಹೊಡೆದ ದಿನ ಗಾಳಿ ಹಿಪ್ಪುನೇರಳೆಯ ಕಡೆಗೇ ಇತ್ತು. ಔಷಧಿ ಬಿದ್ದ ಸಾಲುಗಳನ್ನು ಹದಿನೈದು ದಿನ ಯಾರೂ ಮುಟ್ಟಬಾರದೆಂದು ಅವಳೇ ಸೀರೆ ಹರಿದು ಗುರುತು ಕಟ್ಟಿದ್ದಳು. ಕಟ್ಟುವಾಗ ಕೊಂಬೆ ಬಗ್ಗಿಸಿ ಹಿಡಿದುಕೊಟ್ಟವನು ಅಣ್ಣನೇ. ನಾನು ಬೆಳಿಗ್ಗೆ ಕಂಡದ್ದನ್ನು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. ನಂಬಲಿಲ್ಲ ಎನ್ನುವುದಕ್ಕಿಂತ, ನಂಬುವ ಮೊದಲು ಅವನನ್ನೇ ಕೇಳಬೇಕೆಂದಳು.

ಅಣ್ಣ ಹಜಾರದಲ್ಲಿ ಪೂಜೆಗೆಂದು ನೇಗಿಲು, ಗುದ್ದಲಿಗಳನ್ನು ಉಜ್ಜುತ್ತಿದ್ದ. ಅಮ್ಮ ಪಕ್ಕದಲ್ಲಿ ಹೂ ಕಟ್ಟುತ್ತಿದ್ದಳು. ಅಕ್ಕ ಎಲ್ಲಿಯ ಸೊಪ್ಪು ಎಂದು ಕೇಳಿದಳು. ಬಾವಿ ಕಡೆಯದು ಎಂದ. ಬಾವಿ ಕಡೆಯ ಸಾಲುಗಳು ಹಿಂದಿನ ಸಂಜೆಯೇ ಬೋಳಾಗಿದ್ದವು. ನಾನು, "ಅಣ್ಣ, ನೀನು ಟೊಮೇಟೊ ಪಕ್ಕ ಕೊಯ್ತಿದ್ದೆ, ನಾನು ನೋಡ್ದೆ" ಎಂದೆ.

ಅವನು ಗುದ್ದಲಿಯಿಂದ ಕಣ್ಣೆತ್ತಲಿಲ್ಲ. "ಹೆಂಚಿನ ಲೆಕ್ಕ ಬರೆಯೋನಿಗೆ ಯಾವ್ ಸಾಲು ಯಾವ್ದು ಅಂತ ಗೊತ್ತಾಗ್ಬಿಡ್ತಾ? ಏನ್ಲಾ, ವಾರಕ್ಕೆ ಬಂದೋನು ನಂಗೆ ತೋಟ ತೋರಿಸ್ತೀಯಾ?"

ಅಕ್ಕ ಅತ್ತಿಗೆಯ ಕಡೆ ತಿರುಗಿದಳು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿದ್ದರು. ತಾನು ಚೀಲ ಹಿಡಿದುಕೊಂಡಿದ್ದೆ ಅಷ್ಟೇ, ಸಾಲು ನೋಡಲಿಲ್ಲ ಎಂದು ಹೇಳಿ ಒಳಗೆ ಹೋದರು.

ಅಕ್ಕ ನನ್ನನ್ನು ಕರೆದುಕೊಂಡು ತೋಟಕ್ಕೆ ಹೋದಳು. ಟೊಮೇಟೊ ಪಕ್ಕದ ಸಾಲುಗಳಲ್ಲಿ ಎಲೆ ಕಿತ್ತ ಕಡೆಯೆಲ್ಲ ಬಿಳಿ ಹಾಲು ಒಸರಿ ಇನ್ನೂ ಅಂಟಂಟಾಗಿತ್ತು. ನೀಲಿ ಬಟ್ಟೆ ಒಂದೂ ಇರಲಿಲ್ಲ. ಅವಳು ಒಂದು ಕಡ್ಡಿಯ ತುದಿ ಬೆರಳಿಂದ ಒತ್ತಿ ನೋಡಿದಳು. ಹೋದದ್ದು ಹೋಯಿತು, ಈ ಹುಳ ಉಳಿಯಲ್ಲ, ಯಾಕಾಯಿತು ಅನ್ನುವುದು ಗೊತ್ತಾದರೆ ಸಾಕು ಎಂದಳು. ಆ ಹೊತ್ತಿನಲ್ಲೂ ಅವಳಿಗೆ ಕೋಪವಿರಲಿಲ್ಲ.

ನಾವು ವಾಪಸು ಬಂದಾಗ ಏನು ಕಂಡಿರಿ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಹಜಾರದಲ್ಲಿ ಬೇರೆ ಮಾತು ನಡೆದುಹೋಗಿತ್ತು. ಅಣ್ಣ ಅಮ್ಮನಿಗೆ ಹೇಳಿದಂತೆ ನಮಗೂ ಹೇಳಿದ. ಎರಡು ದಿನದಿಂದ ಅಕ್ಕ ಹೊರಗಾಗಿದ್ದಾಳೆ, ಮುಟ್ಟಾದವಳು ಯಾರಿಗೂ ಹೇಳದೆ ಹುಳದ ಮನೆಗೆ ಹೋಗಿ ಬಂದಿದ್ದಾಳೆ, ಹುಳ ತಡೆಯಲಿಲ್ಲ. ಇದನ್ನು ಅವನಿಗೆ ಹೇಳಿದ್ದು ಅತ್ತಿಗೆಯಂತೆ.

ಹುಳ ಸಾಕುವ ಮನೆಗಳಲ್ಲಿ ಇದು ಎಂಥ ಮಾತು ಎಂಬುದನ್ನು ಇಂದಿನವರಿಗೆ ಬಿಡಿಸಿ ಹೇಳಬೇಕು. ಮುಟ್ಟಾದ ಹೆಂಗಸು ಹುಳದ ಮನೆಯ ಹೊಸಿಲು ದಾಟಬಾರದು ಎಂಬುದು ನಮ್ಮ ಕಡೆಯ ಕಟ್ಟು. ಪ್ರತಿ ತಿಂಗಳು ಆ ನಾಲ್ಕು ದಿನ ಅಕ್ಕ ಅಂಗಳದಲ್ಲೇ ಇದ್ದು, ಅಲ್ಲಿಂದಲೇ ಅತ್ತಿಗೆಗೆ ಎಷ್ಟು ಸೊಪ್ಪು, ಯಾವ ತಟ್ಟೆಗೆ ಎಂದು ಹೇಳುತ್ತಿದ್ದಳು. ಒಮ್ಮೆಯೂ ಮೀರಿದವಳಲ್ಲ. ಕಟ್ಟು ಸರಿಯೋ ತಪ್ಪೋ, ಅದನ್ನು ಆ ಮನೆಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ನಡೆಸಿದವಳು ಅವಳು. ಅದನ್ನೇ ಅವಳ ಮೇಲೆ ಹೊರಿಸಿದರು. ಇಲ್ಲವೆಂದು ಅವಳು ಯಾರಿಗೆ ಏನು ತೋರಿಸಿಯಾಳು? ಅವಳ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನನ್ನ ಹೆಂಡತಿ, ಅಕ್ಕ ಹೊರಗಾಗಿಲ್ಲ ಎಂದು ಮೆಲ್ಲಗೆ ಹೇಳಿದಳು. ಹೊಸ ಸೊಸೆಯ ಮಾತು ಹಜಾರದಲ್ಲಿ ಯಾರ ಕಿವಿಗೂ ಹೋಗಲಿಲ್ಲ.

ಅಕ್ಕ ಹುಳದ ಮನೆಗೆ ಹೋಗಿ ಒಂದು ತಟ್ಟೆ ಎತ್ತಿಕೊಂಡು ಬಂದು ಅಣ್ಣನ ಮುಂದೆ ಇಟ್ಟಳು. ಹುಳಗಳು ಇನ್ನೂ ಮಿಸುಕಾಡುತ್ತಿದ್ದವು. ನಮ್ಮವರು ಹುಳವನ್ನು ಲಕ್ಷ್ಮಿ ಎನ್ನುತ್ತಾರೆ. ತಟ್ಟೆ ಮುಟ್ಟಿ ಸುಳ್ಳು ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಕೇಳಿರಲೂ ಇಲ್ಲ.

"ಮುಟ್ಟಿ ಹೇಳಣ್ಣ. ಆ ಸೊಪ್ಪು ನೀನು ಕೊಯ್ದಿಲ್ಲ ಅಂತ."

ಅಣ್ಣ ಅಮ್ಮನ ಮುಖ ನೋಡಿದ. ಪಂಚೆಗೆ ಕೈ ಒರೆಸಿಕೊಂಡ. ಆಮೇಲೆ ಬಲಗೈಯನ್ನು ತಟ್ಟೆಯ ಅಂಚಿನ ಮೇಲಿಟ್ಟು, "ಕೊಯ್ದಿಲ್ಲ" ಎಂದ. ನಾನು ಅವನ ಬೆರಳನ್ನೇ ನೋಡುತ್ತಿದ್ದೆ.

ಅಮ್ಮನಿಗೆ ಮಾತು ಮುಗಿಸಬೇಕೆನಿಸಿದಾಗ ತೆಲುಗಿಗೆ ತಿರುಗುವುದು ಅಭ್ಯಾಸ. ಅಕ್ಕನ ಕಡೆ ನೋಡದೆ ಹೂವಿನ ಎಳೆ ಎಳೆಯುತ್ತಾ, "ಪೋನೀ, ವದಿಲೇಯ್" ಎಂದಳು. ಹೋಗಲಿ, ಬಿಟ್ಟುಬಿಡು. ಅಮ್ಮ ಹಿಂದಿನ ಸಂಜೆ ಗಾಡಿ ಹೋದದ್ದನ್ನು ಕಂಡವಳು. ಬಾವಿ ಕಡೆ ಸೊಪ್ಪು ಉಳಿದಿಲ್ಲವೆಂದು ತಿಳಿದವಳು. ಅವಳು ಬಿಡು ಎಂದು ಹೇಳಿದ್ದು ಅಣ್ಣನಿಗಲ್ಲ.

ಸತ್ತ ಹುಳವನ್ನೆಲ್ಲ ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಮರುದಿನ ಆಯುಧಪೂಜೆ ನಡೆಯಿತು. ಅಣ್ಣ ನೇಗಿಲಿಗೆ, ಪಂಪಿಗೆ ವಿಭೂತಿ ಪಟ್ಟೆ ಎಳೆದು ಕುಂಬಳಕಾಯಿ ಒಡೆದ. ಔಷಧಿ ಹೊಡೆಯುವ ಡಬ್ಬಕ್ಕೂ ಹೂ ಮುಡಿಸಿದ. ಊಟದ ಹೊತ್ತಿಗೆ, ಮುಂದಿನ ಬೆಳೆಯಿಂದ ಹುಳದ ಮನೆಯನ್ನು ಅತ್ತಿಗೆ ನೋಡಿಕೊಳ್ಳುತ್ತಾರೆ, ಅಕ್ಕನಿಗೂ ವಯಸ್ಸಾಗುತ್ತಾ ಬಂತು ಎಂದ. ಅಕ್ಕನಿಗೆ ಆಗ ಮೂವತ್ತೈದು ದಾಟಿತ್ತು ಅಷ್ಟೇ.

ಉಳಿದ ದಿನಗಳಲ್ಲಿ ಅವಳು ಒಂದೊಂದೇ ತಟ್ಟೆಯನ್ನು ತೊಳೆದು ಬಿಸಿಲಿಗೆ ಒಣಗಿಸಿದಳು, ಹುಳದ ಮನೆಯ ಗೋಡೆಗೆ ಸುಣ್ಣ ಬಳಿದಳು. ಬೇಡ ಬಿಡು ಎಂದು ನಾನು ಹೇಳಿದರೆ ಕೇಳಲಿಲ್ಲ. ಕೊನೆಯ ತಟ್ಟೆಯನ್ನು ಒರಗಿಸಿಟ್ಟು ಬಂದವಳು ನನ್ನನ್ನು ಕೇಳಿದಳು:

"ನಿಮ್ಮನೇಲಿ ನಂಗೊಂದು ಚಾಪೆ ಹಾಸೋಷ್ಟು ಜಾಗ ಐತೇನೋ?"

ನಾನು ಉತ್ತರಿಸುವ ಮೊದಲೇ ನನ್ನ ಹೆಂಡತಿ ಐತೆ ಎಂದಳು. ವಾರ ಮುಗಿಸಿ ಬಸ್ಸು ಹತ್ತುವಾಗ ನಾವು ಮೂವರಾಗಿದ್ದೆವು. ಅಣ್ಣ ಗಾಡಿಯಲ್ಲಿ ಶ್ರೀನಿವಾಸಪುರದವರೆಗೆ ಬಿಟ್ಟ. ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತಾಡಿದ. ಅಕ್ಕನನ್ನು ಹೋಗಬೇಡ ಎನ್ನಲಿಲ್ಲ.

ಮಾಲೂರಿನಲ್ಲಿ ಅವಳು ನಮ್ಮ ಮಕ್ಕಳನ್ನು ಬೆಳೆಸಿದಳು. ರಾಗಿ ಹಿಟ್ಟು, ಹಪ್ಪಳ ಮಾಡಿ ಮಾರಿದಳು, ಯಾರ ಹಂಗಿನಲ್ಲೂ ಇರಲಿಲ್ಲ. ಹುಳ ಸಾಕುವ ಮನೆಯ ಮುಂದೆ ಹೋಗಬೇಕಾದರೆ ಬೇರೆ ದಾರಿ ಹಿಡಿಯುತ್ತಿದ್ದಳು. ಆ ವಿಷಯವನ್ನು ನನ್ನ ಹತ್ತಿರ ಎತ್ತಿದ್ದು ಒಂದೇ ಸಲ, ಅಮ್ಮ ತೀರಿಕೊಂಡ ಸುದ್ದಿ ಬಂದು ನಾವು ಊರಿಗೆ ಹೊರಟಾಗ, ಬಸ್ಸಿನಲ್ಲಿ.

"ಅವನು ಕೊಯ್ದಿದ್ದಕ್ಕೆ ಅಲ್ಲ ಕಣೋ. ಸೊಪ್ಪು ಇರ್ಲಿಲ್ಲ, ಕೊಯ್ದ. ಬಂದು ನಂಗೊಬ್ಬಳಿಗೆ ಹೇಳಿದ್ದಿದ್ರೆ, ರೋಗ ಬಂತು ಅಂತ ನಾನೇ ಊರಿಗೆಲ್ಲ ಹೇಳ್ತಿದ್ದೆ."

ಅವಳು ಹಾಗೆಯೇ ಮಾಡುತ್ತಿದ್ದಳು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅಣ್ಣನಿಗೂ ಅದು ಗೊತ್ತಿತ್ತು. ನನಗೆ ಇಂದಿಗೂ ಅರಗದಿರುವುದು ಅದೇ. ಅವಳು ಕಾಪಾಡುತ್ತಾಳೆಂದು ಗೊತ್ತಿದ್ದೂ ಅವನು ಅವಳನ್ನೇ ಆರಿಸಿಕೊಂಡ.

ಅಕ್ಕ ಈಗಿಲ್ಲ. ಅಣ್ಣ ಅವಳಿಗಿಂತ ಮೊದಲೇ ಹೋದ. ಅವನು ಕೊನೆಯವರೆಗೂ ನನ್ನ ಮಕ್ಕಳಿಗೆ ಮಾವಿನ ಹಣ್ಣು ಕಳಿಸುವುದನ್ನು ನಿಲ್ಲಿಸಲಿಲ್ಲ, ನಾವು ತಿನ್ನುವುದನ್ನೂ ನಿಲ್ಲಿಸಲಿಲ್ಲ. ಆ ಬೆಳಿಗ್ಗೆ ನನಗೆ ಸಾಲು ತಪ್ಪಿ ಕಂಡಿರಬಹುದೇ ಎಂದು ನನ್ನ ಮಗ ಒಮ್ಮೆ ಕೇಳಿದ. ಕಂಡಿರಲಾರದು. ಆದರೂ ನನ್ನ ಮಾತೊಂದನ್ನೇ ನಂಬಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ.

ಬಟ್ಟೆ ಬಿಚ್ಚಿದ್ದನ್ನು ನನಗಿಂತ ಹತ್ತಿರದಿಂದ ಕಂಡವರು ಇನ್ನೊಬ್ಬರಿದ್ದಾರೆ. ಅತ್ತಿಗೆ ಬದುಕಿದ್ದಾರೆ, ಅದೇ ಮನೆಯಲ್ಲಿ, ಮಗ ಸೊಸೆಯ ಜೊತೆ. ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ.