ಮುಚ್ಚಬಾರದ ಸಂದು

ಕಲಸಿದ ಸಿಮೆಂಟನ್ನು ಪಕ್ಕಕ್ಕಿಟ್ಟು ಗೋಡೆಯ ಬಿರುಕಿನೊಳಗೆ ಟಾರ್ಚ್ ಬಿಟ್ಟು ನೋಡಿದ ಗಾರೆ ಮೇಸ್ತ್ರಿ ನಂಜಪ್ಪ, ಕರಣೆ ಕೆಳಗಿಟ್ಟರು. "ಬೇಡ ಬುಡಿ ಸಾರ್, ಇದನ್ನ ಮುಚ್ಚಂಗಿಲ್ಲ." ಶೆಟ್ಟಿಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ ಅವರ ಹಿಂದೆ ನಿಂತಿದ್ದ ನಾನು ಬಗ್ಗಿ ಬಿರುಕಿನೊಳಗೆ ಇಣುಕಿದೆ. ಬಿಲ್ಡಿಂಗ್ ರಿಪೇರಿಯನ್ನೂ ಮೀರಿ ಕೆಟ್ಟಿದೆಯೇ?

ಎರಡು ಬ್ಲಾಕುಗಳ ನಡುವೆ ಹೊಡೆದಿದ್ದ ತಗಡಿನ ಪಟ್ಟಿ ಕಳಚಿ ಬಿದ್ದಾಗ ಆ ಬಿರುಕು ಕಂಡಿತ್ತು. ಕೆಳಗಿನಿಂದ ತಾರಸಿಯವರೆಗೆ, ಕೈ ತೂರುವಷ್ಟು ಅಗಲ. ನನ್ನ ಹೆಂಡತಿ ಅವತ್ತೇ ಆ ಗೋಡೆ ಪಕ್ಕದ ಮಂಚವನ್ನು ಹಾಲಿಗೆ ಎಳೆಸಿದ್ದಳು. ಕೊತ್ತಗೆರೆಯಿಂದ ನಂಜಪ್ಪನವರನ್ನು ಕರೆಸಿದವನು ನಾನು.

"ಇದು ಬಿರುಕಲ್ಲ ಸಾರ್, ಬೇಕು ಅಂತ್ಲೇ ಬಿಟ್ಟಿರೋ ಸಂದು," ಎಂದರು ನಂಜಪ್ಪ. "ಭೂಮಿ ನಡುಗಿದ್ರೆ ಎರಡು ಬ್ಲಾಕೂ ಬೇರೆ ಬೇರೆ ಓಲಾಡ್ತವೆ. ಗುಬ್ಬಿ ಬಸ್ಸಲ್ಲಿ ಒತ್ತೊತ್ತಾಗಿ ನಿಂತಿರ್ತೀವಲ್ಲ, ಬ್ರೇಕ್ ಹಾಕ್ದಾಗ ತಲೆಗೆ ತಲೆ ಹೊಡೆಯಲ್ವಾ? ಹಂಗಾಗ್ದೆ ಇರ್ಲಿ ಅಂತ ಜಾಗ ಬಿಟ್ಟವ್ರೆ."

ನಂಬಿಕೆ ಬರದೆ, ಕಟ್ಟಡದ ಡಿಸೈನ್ ಮಾಡಿದ್ದ ಎಂಜಿನಿಯರಿಗೇ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು. ಅಲ್ಲಿಗೆ ಸಿಮೆಂಟ್ ತುಂಬಿಸಲು ಹೊರಟಿದ್ದಕ್ಕೆ ಚೆನ್ನಾಗಿ ಬೈದು, ತಗಡನ್ನು ಮತ್ತೆ ಹೊಡೆಸಿದರೆ ಸಾಕು ಎಂದರು. ಬೈಸಿಕೊಂಡು ಮನಸ್ಸು ಅಷ್ಟು ಹಗುರಾಗಿದ್ದು ನನಗೆ ಅದೇ ಮೊದಲು.

ಕಲಸಿದ್ದ ಸಿಮೆಂಟ್ ಗೇಟಿನ ಹತ್ತಿರದ ಗುಂಡಿಗೆ ಹೋಯಿತು. ಸಂಜೆ ಹೆಂಡತಿ ಮಂಚವನ್ನು ಹಳೇ ಜಾಗಕ್ಕೇ ತಳ್ಳಿದಳು. ತಗಡು ಮತ್ತೆ ಹೊಡೆಸಿದ ಮೇಲೂ ಗಾಳಿ ಜೋರಾದಾಗ ಆ ಸಂದು ಸಿಳ್ಳೆ ಹಾಕುತ್ತದೆ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ.