ಮೇಲಿನ ಬರ್ತಿನ ಬಡಗಿ ಲಾಲಸಾಬ್

ಸಿರುಗುಪ್ಪದ ಮೊದಲ ಬಸ್ಸಿನಿಂದ ಇಳಿದು ಬಡಗಿ ಲಾಲಸಾಬ್ ಬಳ್ಳಾರಿಯ ಶೆಡ್ಡಿಗೆ ಬರುವಾಗ ಇನ್ನೂ ಮಬ್ಬುಗತ್ತಲು. ಒಳಗೆ ಹಳೆಯ ಮರದ ರೈಲುಬೋಗಿಯೊಂದು ನಿಂತಿದೆ. ಚಪ್ಪಲಿ ಬಿಟ್ಟು ಹತ್ತುವ ಲಾಲಸಾಬ್, ನೇರ ಮೇಲಿನ ಬರ್ತಿಗೇರಿ ಅಂಗಾತ ಮಲಗಿಬಿಡುತ್ತಾರೆ. ಹೊಸದರಲ್ಲಿ ಇದನ್ನು ಕಂಡ ಕಾವಲುಗಾರ ಸುಂಕಣ್ಣ, ಕೂಲಿ ತಗೊಂಡು ನಿದ್ದೆ ಹೊಡೆಯುವ ಭೂಪ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದುಂಟು.

"ಮೈ ಇಟ್ರ ಗೊತ್ತಾಕೈತ್ರಿ, ಹಲಗಿ ಎಲ್ಲಿ ಒತ್ತತೈತಿ ಅಂತ," ಎಂದು ಲಾಲಸಾಬ್ ನಗುತ್ತಾರೆ.

ಪ್ರಯಾಣಿಕರು ಹಾಸಿಗೆಯನ್ನು ಸುರುಳಿ ಸುತ್ತಿ ತಾವೇ ಹೊತ್ತು ತರುತ್ತಿದ್ದ ಕಾಲದ ಸ್ಲೀಪರ್ ಬೋಗಿ ಇದು. ಸಾಗವಾನಿ ಹಲಗೆ, ಹಿತ್ತಾಳೆಯ ಕೊಂಡಿ, ಹಗಲು ಗೋಡೆಗೆ ಮಡಚಿಟ್ಟು ರಾತ್ರಿ ಸರಪಳಿಯಲ್ಲಿ ಇಳಿಬಿಡುವ ಬರ್ತುಗಳು. ಗುಜರಿಗೆ ಹೋಗಲಿದ್ದುದನ್ನು ರೈಲುಪ್ರಿಯರ ಸಂಘವೊಂದು ಜನ ನೋಡಲೆಂದು ಕೊಂಡು ಉಳಿಸಿ, ಮರಗೆಲಸದ ರಿಪೇರಿಯನ್ನು ಲಾಲಸಾಬರಿಗೆ ವಹಿಸಿದೆ.

ಅರವತ್ತು ದಾಟಿದ ಲಾಲಸಾಬ್ ಸಿರುಗುಪ್ಪದ ರೈಸ್‌ಮಿಲ್ಲುಗಳಿಗೆ ಭತ್ತ ತುಂಬುವ ಮರದ ಪೆಟ್ಟಿಗೆ ಮಾಡುತ್ತಿದ್ದವರು. ಮಿಲ್ಲಿಗೆ ಕಬ್ಬಿಣದ ಪೆಟ್ಟಿಗೆ ಬಂದ ಮೇಲೆ ಕುರುಗೋಡಿನ ಕಡೆ ಬಾಗಿಲು, ಕಿಟಕಿ ರಿಪೇರಿ ಮಾಡಿ ಸಂಸಾರ ತೂಗಿಸಿದರು.

ಮಿಲ್ಲಿನ ರೂಢಿಯೇ ಇಲ್ಲಿ ಕೈಕೊಟ್ಟಿತು. ಮೊದಲ ಬರ್ತಿನ ಹಲಗೆಗಳನ್ನು ನಡುವೆ ಗಾಳಿಯೂ ನುಸುಳದಂತೆ ಬಿಗಿದರು. ಬೋಗಿಯನ್ನು ಪಕ್ಕದ ಹಳಿಗೆ ಎಳೆದಾಗ ಹಲಗೆ ಸೀಳಿಹೋಯಿತು.

"ತಪ್ಪು ನಂದ ಐತ್ರಿ. ಮಿಲ್ಲಿನ ಪೆಟಗಿಯಾಗಿಂದ ಒಂದು ಕಾಳೂ ಸೋರಬಾರದು. ಆದ್ರ ಓಡೋ ಗಾಡ್ಯಾಗ ಹಲಗಿಗೆ ಮಿಸುಕಾಡಾಕ ಜಾಗ ಬೇಕು."

ಸಂಘದ ಎಂಜಿನಿಯರ್ ರಶ್ಮಿ ಅಂದೇ ಮೇಲಿನ ಬರ್ತುಗಳನ್ನೆಲ್ಲ ಗೋಡೆಗೆ ಮಡಚಿ ಬೋಲ್ಟು ಹಾಕಿಸಲು ಹೊರಟರು. ನೋಡಲು ಬರುವ ಮಕ್ಕಳು ಹತ್ತಿ ಬಿದ್ದರೆ ಯಾರು ಹೊಣೆ ಎಂಬ ಅವರ ಮಾತೂ ತಪ್ಪಲ್ಲ. ಆದರೆ ಮಲಗಲಾಗದ ಸ್ಲೀಪರ್ ಬೋಗಿ ಯಾಕೆ ಬೇಕು ಎಂಬ ಸಂಕಟ ಲಾಲಸಾಬರದು. ಇನ್ನೊಂದೇ ಒಂದು ಅವಕಾಶ ಕೊಡಿ ಎಂದು ಬೇಡಿಕೊಂಡರು. ಸೀಳಿದ ಬರ್ತನ್ನು ಬಿಚ್ಚಿ, ಸಂದು ಬಿಟ್ಟು ಹೊಸದಾಗಿ ಕೂಡಿಸಿದರು.

ಇಂದು ಅದರ ಪರೀಕ್ಷೆ. ಟ್ರ್ಯಾಕ್ಟರು ಬೋಗಿಯನ್ನು ಎಳೆಯುತ್ತದೆ. ಬರ್ತಿನ ಮೇಲೆ ಲಾಲಸಾಬರೇ ಮಲಗಿದ್ದಾರೆ. ಹಳಿಯ ಕೂಡಿಕೆಯಲ್ಲಿ ಚಕ್ರ ಧಡಕ್ಕೆನ್ನುತ್ತದೆ, ಸರಪಳಿ ನಡುಗುತ್ತದೆ, ಹಲಗೆ ಕಿರ್ರೆಂದು ಸುಮ್ಮನಾಗುತ್ತದೆ. ರಶ್ಮಿ ಟಾರ್ಚು ಹಿಡಿದು ಹಲಗೆಯ ಅಡಿಯೆಲ್ಲ ಸವರಿ ನೋಡುತ್ತಾರೆ. ಎಲ್ಲೂ ಬಿರುಕಿಲ್ಲ. ಬೋಲ್ಟುಗಳನ್ನು ವಾಪಸು ಕಳಿಸಿ ಎನ್ನುತ್ತಾರೆ. ಲಾಲಸಾಬ್ ಕೆಳಗಿಳಿಯುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ತುಸು ನಾಚುತ್ತಾರೆ.

"ನಮ್ಮ ಮನಿಯಾಕಿ ಕುಲ್ಸುಂಬೀನ ಕರಕೊಂಡು ಬರ್ತೀನ್ರಿ. ಇಷ್ಟು ವರ್ಷ ರೈಲಿನಾಗ ಆಕಿ ಕುಂತ್ಕೊಂಡ ಹೋಗ್ಯಾಳ. ಒಂದೀಟು ಕಾಲು ಚಾಚಿ ಮಲಗ್ಲಿ."